ನಿಂಬೆಹಣ್ಣಿನ ಗಾತ್ರದ ನೊರೆ

ಸೋರಿಯಾಸಿಸ್ ಅನ್ನುವ ನನ್ನ ಚರ್ಮದ ಕಾಯಿಲೆ ಕೆರಳಿದ ವಾರಗಳಲ್ಲಿ, ರಾತ್ರಿ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ, ಒಂದು ಸಣ್ಣ ಸ್ಟೀಲ್ ತಟ್ಟೆಯನ್ನು ಮಾತ್ರ ಹೊರಗೆ ಇಟ್ಟುಕೊಳ್ಳುತ್ತೇನೆ. ಊರಿಂದ ತಂದದ್ದು. ಅಂಚಿನಲ್ಲಿ ಅಜ್ಜಿಯ ಹೆಸರು ಚುಕ್ಕೆ ಚುಕ್ಕೆಯಾಗಿ ಕೊರೆಸಿದೆ. ಒಂದು ಕಾಲಕ್ಕೆ ಅದರಲ್ಲಿ ಉಪ್ಪಿನಕಾಯಿ ಇಡುತ್ತಿದ್ದರು. ಈಗ ಅದು ನನ್ನ ತಲೆಯ ಔಷಧದ ತಟ್ಟೆ.

ಡಬ್ಬಿಯನ್ನು ಕುಲುಕಿ, ತಲೆಕೆಳಗು ಹಿಡಿದು, ಮೂತಿ ಒತ್ತುತ್ತೇನೆ. ಸ್ಸ್ ಅಂತ ಸದ್ದು. ತಟ್ಟೆಯ ಮೇಲೆ ಬಿಳಿ ನೊರೆ ಕೂರುತ್ತದೆ, ಆಗ ತಾನೇ ಕರೆದ ಹಾಲಿನ ಮೇಲಿನ ನೊರೆಯ ಹಾಗೆ. ಒಂದು ಸಲಕ್ಕೆ ಗಾಲ್ಫ್ ಚೆಂಡಿಗಿಂತ ಜಾಸ್ತಿ ಬೇಡ ಅಂತ ಔಷಧದ ಜೊತೆಗಿರುವ ಚೀಟಿಯಲ್ಲಿ ಬರೆದಿದೆ. ನಮ್ಮ ಮನೆಯ ಲೆಕ್ಕದಲ್ಲಿ ಅದು ಒಂದು ನಿಂಬೆಹಣ್ಣು. ಹುಣಸೆಹಣ್ಣು, ಬೆಲ್ಲ ಎಲ್ಲವನ್ನೂ ನಿಂಬೆಗಾತ್ರದಲ್ಲೇ ಅಳೆದು ಬೆಳೆದವಳಿಗೆ ಅದೊಂದು ಸುಲಭ.

ನೊರೆಯನ್ನು ನೇರವಾಗಿ ಅಂಗೈಗೆ ಹಾಕಿಕೊಳ್ಳಬಾರದು. ಮೈಬಿಸಿ ತಾಗಿದ ತಕ್ಷಣ ಅದು ಕರಗುತ್ತದೆ. ತಣ್ಣನೆಯ ತಟ್ಟೆಯ ಮೇಲಾದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಬೆರಳ ತುದಿಯಲ್ಲಿ ಚಿಟಿಕೆಯಷ್ಟು ತೆಗೆದುಕೊಂಡು, ಬೈತಲೆ ತೆಗೆದ ಹಾಗೆ ಕೂದಲು ಬಿಡಿಸಿ, ಬುಡಕ್ಕೆ ಮುಟ್ಟಿಸಬೇಕು. ಮುಟ್ಟಿಸಿದ ಮರುಕ್ಷಣ ನೊರೆ ಇರುವುದಿಲ್ಲ. ತಣ್ಣಗೆ ನೀರಾಡಿದ ಹಾಗೆ ಅನ್ನಿಸುತ್ತದೆ, ಆಮೇಲೆ ಅದೂ ಆರಿಹೋಗುತ್ತದೆ. ಕೂದಲಿಗೆ ಜಿಡ್ಡಿಲ್ಲ, ದಿಂಬಿಗೆ ಕಲೆಯಿಲ್ಲ, ವಾಸನೆಯೂ ಅಷ್ಟಕ್ಕಷ್ಟೆ. ಕೆರೆದುಕೊಂಡು ಗಾಯ ಮಾಡಿಕೊಂಡಿದ್ದರೆ ಮಾತ್ರ ಚುರುಗುಡುತ್ತದೆ. ಅದರಲ್ಲಿ ಆಲ್ಕೋಹಾಲ್ ಇದೆಯಲ್ಲ.

ಈ ನೊರೆಯ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಒಂದು ಔಷಧ ಯಾವ ರೂಪದಲ್ಲಿ ಕೈಗೆ ಬರುತ್ತದೆ ಅನ್ನುವುದು ಬದುಕನ್ನು ಎಷ್ಟು ಬದಲಾಯಿಸುತ್ತದೆ ಅಂತ ಈ ಕಾಯಿಲೆ ಇಲ್ಲದವರಿಗೆ ಗೊತ್ತಾಗುವುದು ಕಷ್ಟ. ಮತ್ತೆ, ಅದೇ ಸುಲಭದ ರೂಪ ನನ್ನನ್ನು ಒಂದು ತಪ್ಪಿಗೂ ಎಳೆಯಿತು. ಅದನ್ನೂ ಹೇಳಬೇಕು.

ನನ್ನದು ಹಾಸನದ ಕಡೆ. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು 14 ವರ್ಷ ಆಯಿತು. ಸೋರಿಯಾಸಿಸ್ ಶುರುವಾಗಿದ್ದು ಇಲ್ಲಿಗೆ ಬಂದ ಮೇಲೆ, ಮೊದಲ ಹೆರಿಗೆ ಆಗಿ ಮೂರು ತಿಂಗಳಿಗೆ. ಬಸುರಿಯಾಗಿದ್ದಾಗ ಕಾಯಿಲೆ ಎಷ್ಟೋ ಜನರಿಗೆ ತಣ್ಣಗಿರುತ್ತದೆ, ಹೆರಿಗೆಯಾದ ಮೇಲೆ ಕೆರಳುತ್ತದೆ. ಇದು ನನಗೆ ಆಮೇಲೆ ತಿಳಿದದ್ದು. ಆಗ ಅಮ್ಮನ ತೀರ್ಪು ಒಂದೇ: "ಬಾಣಂತನದಲ್ಲಿ ಪಥ್ಯ ಮಾಡ್ಲಿಲ್ಲ ನೀನು. ಬದನೆಕಾಯಿ ತಿಂದೆ, ನಂಜಾಯ್ತು."

ನಾನು ಬದನೆಕಾಯಿ ತಿಂದಿದ್ದು ನಿಜ. ಆದರೆ ಸೋರಿಯಾಸಿಸ್ ಬದನೆಕಾಯಿಯಿಂದ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತಪ್ಪು ತಿಳಿದುಕೊಂಡು ಚರ್ಮವನ್ನು ಅವಸರಪಡಿಸುತ್ತದೆ. ಸಾಮಾನ್ಯವಾಗಿ ಚರ್ಮದ ಒಂದು ಜೀವಕೋಶ ತಳದಲ್ಲಿ ಹುಟ್ಟಿ, ಮೇಲೆ ಬಂದು, ಉದುರಿ ಹೋಗಲು ಸುಮಾರು 28 ದಿನ ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಆ ಪ್ರಯಾಣ ನಾಲ್ಕೈದು ದಿನದಲ್ಲೇ ಮುಗಿದುಬಿಡುತ್ತದೆ. ಅಕ್ಕಿ ಬೇಯುವ ಮೊದಲೇ ಬಸಿದು ಬಡಿಸಿದ ಹಾಗೆ. ಬೇಯದ ಜೀವಕೋಶಗಳು ಒಂದರ ಮೇಲೊಂದು ಕೂತು ದಪ್ಪ ಹಕ್ಕಳೆಯಾಗುತ್ತವೆ. ಒಂದು ಚಕ್ಕೆ ಕಿತ್ತರೆ ಕೆಳಗೆ ಸೂಜಿ ಮೊನೆಯಷ್ಟು ರಕ್ತದ ಚುಕ್ಕೆಗಳು.

ಎಲ್ಲಿ ಉಜ್ಜಾಟ ಇದೆಯೋ ಅಲ್ಲಿಗೇ ಅದು ಬರುತ್ತದೆ. ಹೈನ್ರಿಕ್ ಕೋಬ್ನರ್ ಅನ್ನುವ ಜರ್ಮನ್ ಡಾಕ್ಟರು 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ಚರ್ಮಕ್ಕೆ ಪೆಟ್ಟಾದ ಕಡೆ, ಗೀರಿದ ಕಡೆ ಹೊಸ ಮಚ್ಚೆ ಏಳುತ್ತದೆ. ನನಗೆ ಮೊಣಕೈ, ಮೊಣಕಾಲು, ತಲೆ. ಇನ್ನೊಂದು ಸೊಂಟದ ಸುತ್ತ, ಸೀರೆಯ ಒಳಲಂಗದ ಲಾಡಿ ಬಿಗಿಯುವ ಕಡೆ ಒಂದು ಸಾಲು. ತಂಗಿಯ ಮದುವೆಗೆ ಮೂರು ದಿನ ರೇಷ್ಮೆ ಸೀರೆ ಉಟ್ಟು ಬಂದ ಮೇಲೆ ಎದ್ದದ್ದು ಅದು. ಆ ಮದುವೆಯ ಫೋಟೋಗಳಲ್ಲಿ ನಾನು ಎಲ್ಲೂ ತಲೆ ಬಗ್ಗಿಸಿಲ್ಲ. ಬಗ್ಗಿಸಿದರೆ ಕಡುನೀಲಿ ರವಿಕೆಯ ಹೆಗಲ ಮೇಲೆ ಹೊಟ್ಟು ಉದುರುತ್ತಿತ್ತು.

ಇಲ್ಲಿನ ಆಸ್ಪತ್ರೆಯಲ್ಲಿ ಮೊದಲ ಸಲ ಹೋದಾಗ ಒಂದು ಪ್ರಶ್ನೆಪತ್ರಿಕೆ ಕೊಟ್ಟರು. ಹತ್ತು ಪ್ರಶ್ನೆ, ಒಟ್ಟು 30 ಅಂಕ. ಕಾರ್ಡಿಫ್‌ನ ಡಾಕ್ಟರು ಆಂಡ್ರ್ಯೂ ಫಿನ್ಲೆ ಮತ್ತು ಅವರ ಸಹೋದ್ಯೋಗಿ 1994ರಲ್ಲಿ ತಯಾರಿಸಿದ್ದು. ಕಳೆದ ಒಂದು ವಾರದಲ್ಲಿ ಚರ್ಮದಿಂದಾಗಿ ಎಷ್ಟು ತುರಿಕೆ ಆಯಿತು, ಎಷ್ಟು ಮುಜುಗರ ಆಯಿತು, ಏನು ಬಟ್ಟೆ ಹಾಕಿಕೊಳ್ಳುವುದು ಅನ್ನುವುದರ ಮೇಲೆ ಎಷ್ಟು ಪರಿಣಾಮ ಆಯಿತು. ಬಟ್ಟೆಯ ಪ್ರಶ್ನೆ ಓದಿ ನನಗೆ ಅಳು ಬಂದುಬಿಟ್ಟಿತು. ಕಪಾಟಿನಲ್ಲಿದ್ದ ಕಪ್ಪು, ನೀಲಿ, ಕಡುಹಸಿರು ಬಟ್ಟೆಗಳನ್ನೆಲ್ಲ ಆ ಹೊತ್ತಿಗೆ ನಾನು ಬೇರೆಯವರಿಗೆ ಕೊಟ್ಟಾಗಿತ್ತು. ಯಾರೂ ಅದನ್ನು ಕೇಳಿರಲಿಲ್ಲ. ಒಂದು ಕಾಗದ ಕೇಳಿತು.

ನೊರೆಗಿಂತ ಮೊದಲು ಏನೇನು ಹಚ್ಚಿದೆ ಅಂತ ನೆನೆಸಿಕೊಂಡರೆ ಮೂಗಿಗೆ ಮೊದಲು ಬರುವುದು ಡಾಂಬರಿನ ವಾಸನೆ. ಕಲ್ಲಿದ್ದಲಿನ ಡಾಂಬರು ಸೋರಿಯಾಸಿಸ್‌ಗೆ ಹಳೆಯ ಔಷಧ. ಅಮೆರಿಕದ ವಿಲಿಯಂ ಗೋಕರ್‌ಮನ್ ಅನ್ನುವ ಡಾಕ್ಟರು 1925ರಲ್ಲೇ ಡಾಂಬರು ಹಚ್ಚಿ, ಮೇಲೆ ನೇರಳಾತೀತ ಬೆಳಕು ಬಿಡುವ ಚಿಕಿತ್ಸೆಯನ್ನು ಬರೆದಿಟ್ಟಿದ್ದರು. ಇಲ್ಲಿ ತಲೆಗೆ ಕೊಡುವ ಒಂದು ಮುಲಾಮಿನಲ್ಲಿ ಡಾಂಬರು, ಗಂಧಕ, ಸ್ಯಾಲಿಸಿಲಿಕ್ ಆಮ್ಲ ಮೂರೂ ಇರುತ್ತವೆ. ಅವನ್ನು ಬೆರೆಸಿರುವುದು ಕೊಬ್ಬರಿ ಎಣ್ಣೆಯಲ್ಲಿ. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅರ್ಧ ನಿಮಿಷ ಮಾತಿಲ್ಲ. ಆಮೇಲೆ, "ನಾನು ಮೊದಲಿಂದ ಅದನ್ನೇ ಅಲ್ವಾ ಹೇಳ್ತಿದ್ದಿದ್ದು, ಕೊಬ್ಬರಿ ಎಣ್ಣೆ ಹಚ್ಚು ಅಂತ" ಅಂದರು.

ಅಮ್ಮ ಹೇಳಿದ್ದರಲ್ಲಿ ಅರ್ಥ ಇತ್ತು. ಎಣ್ಣೆ ಹಕ್ಕಳೆಯನ್ನು ಮೆತ್ತಗೆ ಮಾಡುತ್ತದೆ. ಸ್ಯಾಲಿಸಿಲಿಕ್ ಆಮ್ಲ ಅದನ್ನು ಬಿಡಿಸುತ್ತದೆ. ದಪ್ಪ ಹಕ್ಕಳೆ ಕೂತಿರುವಾಗ ಮೇಲಿಂದ ಯಾವ ಔಷಧ ಹಾಕಿದರೂ ಕೆಳಗಿಳಿಯುವುದಿಲ್ಲ. ಹಾಗಾಗಿ ಇವತ್ತಿಗೂ ತಲೆ ಬಹಳ ಕೆಟ್ಟಿದ್ದರೆ ಮೊದಲು ಒಂದೆರಡು ದಿನ ಆ ಮುಲಾಮು, ಆಮೇಲೆ ನೊರೆ. ಆದರೆ ಆ ಮುಲಾಮು ಹಚ್ಚಿಕೊಂಡು ಒಂದು ಗಂಟೆ ಕೂರಬೇಕು. ಆಮೇಲೆ ತಲೆ ತೊಳೆಯಬೇಕು. ಸೊಂಟದವರೆಗೆ ಕೂದಲು, ಮನೆಯಲ್ಲಿ ಕೂಸು, ಬೆಳಿಗ್ಗೆ ಕೆಲಸ. ವಾರಕ್ಕೆ ಏಳು ದಿನ ಹಚ್ಚಿ ಅಂದಿದ್ದರು, ನಾನು ಹಚ್ಚಿದ್ದು ಎರಡು ದಿನ. ಡಾಕ್ಟರ ಹತ್ತಿರ ಹೋದಾಗ ಮಾತ್ರ "ದಿನಾ ಹಚ್ತಿದೀನಿ" ಅಂತ ಸುಳ್ಳು ಹೇಳುತ್ತಿದ್ದೆ. "ಔಷಧ ಕೆಲಸ ಮಾಡುತ್ತಿಲ್ಲ" ಅಂತ ಅವರು ಬರೆದುಕೊಳ್ಳುತ್ತಿದ್ದರು.

ಉರಿ ತಗ್ಗಿಸುವ ಸ್ಟೀರಾಯ್ಡ್ ಮುಲಾಮಿನದೂ ಅದೇ ಕತೆ. ಮೊಣಕೈಗೆ ಹಚ್ಚಿಕೊಂಡರೆ ಅಂಗಿಯ ತೋಳಿಗೆ ಜಿಡ್ಡು, ಲ್ಯಾಪ್‌ಟಾಪಿಗೆ ಜಿಡ್ಡು, ಮಗುವಿನ ಕೆನ್ನೆಗೆ ಜಿಡ್ಡು ತಾಗೀತು ಅನ್ನುವ ಭಯ. ತಲೆಗೆ ಕೊಟ್ಟ ನೀರಿನಂಥ ಔಷಧ ಕೂದಲ ಬುಡಕ್ಕೆ ಹೋಗುವ ಬದಲು ಹಣೆಗೆ, ಕಿವಿಯ ಹಿಂದಕ್ಕೆ ಇಳಿಯುತ್ತಿತ್ತು.

ಇಂಗ್ಲೆಂಡಿನಲ್ಲಿ ಡಾಕ್ಟರುಗಳು ಅನುಸರಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ 2012ರದ್ದು. ತಲೆಯ ಸೋರಿಯಾಸಿಸ್ ನಾಲ್ಕು ವಾರದಲ್ಲಿ ಹಿಡಿತಕ್ಕೆ ಬರದಿದ್ದರೆ ಅದೇ ಶಕ್ತಿಯ ಸ್ಟೀರಾಯ್ಡನ್ನು ಬೇರೆ ರೂಪದಲ್ಲಿ, ಶಾಂಪೂ ಅಥವಾ ನೊರೆಯಾಗಿ, ಕೊಟ್ಟು ನೋಡಿ ಅಂತ ಅದರಲ್ಲಿದೆ. ನನಗೆ ಹಾಗೇ ಬಂದದ್ದು ಬೆಟ್ಟಾಮೂಸ್ ಅನ್ನುವ ಈ ನೊರೆ. ಒಳಗಿರುವುದು ಬೀಟಾಮೆಥಸೋನ್ ವ್ಯಾಲರೇಟ್ ಅನ್ನುವ ಸ್ಟೀರಾಯ್ಡ್. ಮುಲಾಮಿನಲ್ಲೂ ಅದೇ ಇತ್ತು. ಔಷಧ ಹಳೆಯದೇ, ಬಟ್ಟೆ ಮಾತ್ರ ಹೊಸದು.

ಆ ಬಟ್ಟೆಯ ಗುಟ್ಟು ಚೆನ್ನಾಗಿದೆ. ಡಬ್ಬಿಯೊಳಗೆ ಔಷಧ ಆಲ್ಕೋಹಾಲಿನಲ್ಲಿ ಕರಗಿರುತ್ತದೆ. ಜೊತೆಗೆ ಒತ್ತಡದಲ್ಲಿಟ್ಟ ಬ್ಯೂಟೇನ್, ಪ್ರೊಪೇನ್ ಅನಿಲ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಇರುವುದೂ ಇವೇ. ಮೂತಿ ಒತ್ತಿದಾಗ ಅನಿಲ ಉಬ್ಬಿ ನೊರೆಯಾಗುತ್ತದೆ. ಮೈಬಿಸಿಗೆ ನೊರೆ ಒಡೆಯುತ್ತದೆ, ಆಲ್ಕೋಹಾಲ್ ಹಾರಿಹೋಗುತ್ತದೆ. ಉಳಿಯುವುದು ಚರ್ಮದ ಮೇಲೆ ತೆಳ್ಳಗೆ ಹರಡಿಕೊಂಡ ಗಟ್ಟಿ ಔಷಧ. ಸಕ್ಕರೆ ಪಾಕದಿಂದ ನೀರು ಹಾರಿದಷ್ಟೂ ಪಾಕ ಬಿಗಿಯಾಗುತ್ತದಲ್ಲ, ಹಾಗೆ. ಬಿಗಿಯಾದ ಔಷಧ ಒಳಗೆ ನುಗ್ಗುವುದೂ ಬೇಗ. ಅಮೆರಿಕದಲ್ಲಿ ಇಂಥ ಬೀಟಾಮೆಥಸೋನ್ ನೊರೆಗೆ 1999ರಲ್ಲಿ, ಅದಕ್ಕಿಂತ ಬಹಳ ಜೋರಾದ ಕ್ಲೋಬೆಟಸಾಲ್ ನೊರೆಗೆ 2000ದಲ್ಲಿ ಒಪ್ಪಿಗೆ ಸಿಕ್ಕಿತು.

ಮೊಣಕೈ, ಮೊಣಕಾಲಿಗೆ ನನಗೆ ಕೊಟ್ಟಿರುವುದು ಇನ್ನೊಂದು, ಎನ್‌ಸ್ಟಿಲಾರ್. ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಪಡೆದದ್ದು. ಇದು ಕರಗಿ ಹಾರುವ ನೊರೆಯಲ್ಲ, ಎಣ್ಣೆಯ ಪದರದ ಹಾಗೆ ಕೂರುವ ನೊರೆ. ಇದರಲ್ಲಿ ಬೀಟಾಮೆಥಸೋನ್ ಜೊತೆ ಕ್ಯಾಲ್ಸಿಪೋಟ್ರಿಯಾಲ್ ಅನ್ನುವ ಡಿ ವಿಟಮಿನ್ ಬಳಗದ ಔಷಧ ಇದೆ. ಆ ಬಳಗ ಸೋರಿಯಾಸಿಸ್‌ಗೆ ಬಂದ ದಾರಿ ನನಗೆ ಬಹಳ ಇಷ್ಟ. ಜಪಾನಿನಲ್ಲಿ ಮೂಳೆ ಸವೆತಕ್ಕೆ ಅಂತ ಒಬ್ಬರಿಗೆ ಡಿ ವಿಟಮಿನ್ನಿನ ಒಂದು ರೂಪ ಕೊಟ್ಟಿದ್ದರು. ಮೂಳೆಯ ಕತೆ ಏನಾಯಿತೋ, ಅವರ ಮೈಮೇಲಿದ್ದ ಸೋರಿಯಾಸಿಸ್ ಮಾಯವಾಯಿತು. ಕಣ್ಣಿಗೆ ಬಿದ್ದದ್ದನ್ನು ಅಲ್ಲಿನ ಡಾಕ್ಟರುಗಳು ಬಿಟ್ಟುಬಿಡದೆ 1985ರಲ್ಲಿ ಬರೆದು ಪ್ರಕಟಿಸಿದರು. ಅಲ್ಲಿಂದ ಒಂದು ಹೊಸ ಬಗೆಯ ಔಷಧವೇ ಬೆಳೆಯಿತು. ಕ್ಯಾಲ್ಸಿಪೋಟ್ರಿಯಾಲ್ ಚರ್ಮದ ಅವಸರವನ್ನು ತಗ್ಗಿಸುತ್ತದೆ, ಸ್ಟೀರಾಯ್ಡ್ ಉರಿಯನ್ನು ತಗ್ಗಿಸುತ್ತದೆ. ಇವೆರಡನ್ನೇ ಮುಲಾಮಾಗಿಯೂ ನೊರೆಯಾಗಿಯೂ ಕೊಟ್ಟು ಹೋಲಿಸಿದ ಒಂದು ಅಧ್ಯಯನದಲ್ಲಿ, ನಾಲ್ಕು ವಾರಕ್ಕೆ ನೊರೆಯಿಂದ ನೂರಕ್ಕೆ ಸುಮಾರು 55 ಜನರಿಗೆ ಚರ್ಮ ಬಹುತೇಕ ತಿಳಿಯಾಗಿತ್ತು, ಮುಲಾಮಿನಿಂದ 43 ಜನರಿಗೆ.

ನನಗೆ ಮೂರನೇ ವಾರಕ್ಕೇ ಮೊಣಕೈ ಮೆತ್ತಗಾಯಿತು. ಯಾಕೆ ಅಂದರೆ, ಮೊದಲ ಬಾರಿಗೆ ನಾನು ದಿನಾ ಹಚ್ಚಿದೆ. ಒಂದು ನಿಮಿಷದ ಕೆಲಸ. ಹಲ್ಲುಜ್ಜಿದ ಹಾಗೆ. ಸುಳ್ಳು ಹೇಳಬೇಕಾಗಿ ಬರಲೇ ಇಲ್ಲ.

ತಪ್ಪು ಆಗಿದ್ದು ಅದಾದ ಮೇಲೆ.

ನಮ್ಮ ಕಂದು ಮೈಯ ಮೇಲೆ ಸೋರಿಯಾಸಿಸ್ ಪುಸ್ತಕದಲ್ಲಿ ತೋರಿಸುವ ಹಾಗೆ ಕೆಂಪಗೆ ಕಾಣುವುದಿಲ್ಲ. ನೇರಳೆ ಬಣ್ಣಕ್ಕೆ, ಬೂದು ಬಣ್ಣಕ್ಕೆ, ಕೆಲವೊಮ್ಮೆ ಸುಮ್ನೆ ಕಪ್ಪಗೆ ಕಾಣುತ್ತದೆ. ಶುರುವಿನಲ್ಲಿ ನನ್ನದನ್ನು ನೋಡಿದ ಒಬ್ಬ ಡಾಕ್ಟರು ಹುಳುಕಡ್ಡಿ ಅಂದುಕೊಂಡು ಎರಡು ತಿಂಗಳು ಅದಕ್ಕೇ ಔಷಧ ಕೊಟ್ಟಿದ್ದರು. ಕಾಯಿಲೆ ಬರುವಾಗ ಬಣ್ಣ ಮೋಸ ಮಾಡುವ ಹಾಗೆ ಹೋಗುವಾಗಲೂ ಮಾಡುತ್ತದೆ. ಹಕ್ಕಳೆ ಹೋಗುತ್ತದೆ, ಉಬ್ಬು ಇಳಿಯುತ್ತದೆ, ಆದರೆ ಆ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಉರಿ ಆರಿದ ಮೇಲೆ ಗೋಡೆಗೆ ಮಸಿ ಉಳಿದ ಹಾಗೆ. ಅದು ಮಾಸಲು ತಿಂಗಳುಗಳು ಬೇಕು. ಅದು ಕಾಯಿಲೆಯಲ್ಲ.

ನನಗೆ ಅದು ಗೊತ್ತಿರಲಿಲ್ಲ. ಕನ್ನಡಿಯಲ್ಲಿ ಕಪ್ಪು ಕಾಣುವವರೆಗೂ ಕಾಯಿಲೆ ಇದೆ ಅಂದುಕೊಂಡೆ. ನಾಲ್ಕು ವಾರ ಅಂತ ಡಾಕ್ಟರು ಹೇಳಿದ್ದರು. ನಾನು ಹನ್ನೊಂದು ವಾರ ಹಚ್ಚಿದೆ. ಮುಲಾಮಾಗಿದ್ದರೆ ಬೇಸರ ಬಂದು ಎಂದೋ ಬಿಟ್ಟಿರುತ್ತಿದ್ದೆ. ನೊರೆ ಸುಲಭ, ಹಾಗಾಗಿ ಬಿಡಲಿಲ್ಲ. ಡಬ್ಬಿ ಖಾಲಿಯಾದರೆ ಇನ್ನೊಂದು ಬರೆಸಿಕೊಳ್ಳುವುದೂ ಕಷ್ಟವಿರಲಿಲ್ಲ. ಇಂಗ್ಲೆಂಡಿನಲ್ಲಿ ಒಂದು ಔಷಧಕ್ಕೆ 9.90 ಪೌಂಡ್ ಕಟ್ಟಬೇಕು, ಅಷ್ಟೇ.

ಒಂದು ದಿನ ಸ್ನಾನ ಮಾಡಿ ಒರೆಸಿಕೊಳ್ಳುವಾಗ ನೋಡಿದೆ. ಮೊಣಕೈಯ ಒಳಮಗ್ಗುಲಲ್ಲಿ, ಕಲೆಯ ಅಂಚಿನಾಚೆ, ಚರ್ಮ ಹೊಳೆಯುತ್ತಿತ್ತು. ಈರುಳ್ಳಿಯ ಒಳಸಿಪ್ಪೆಯ ಹಾಗೆ ತೆಳ್ಳಗೆ, ಸಣ್ಣ ಸಣ್ಣ ಸುಕ್ಕು. ಕೆಳಗಿನ ರಕ್ತನಾಳ ದಾರದ ಹಾಗೆ ಕಾಣುತ್ತಿತ್ತು. ಸುತ್ತ ಬಣ್ಣ ಬಿಳಿಚಿಕೊಂಡಿತ್ತು. ಕಲೆ ಮಾತ್ರ ಹಾಗೇ ಕಪ್ಪಗೆ ಕೂತಿತ್ತು.

ಮರುದಿನ ಚರ್ಮದ ವಿಭಾಗದ ನರ್ಸ್ ಹತ್ತಿರ ಹೋದೆ. ಆಕೆ ಬೈಯಲಿಲ್ಲ. ನನ್ನ ಕೈ ಹಿಡಿದು, "ಕಣ್ಣು ಮುಚ್ಚಿ" ಅಂದರು. ಮುಚ್ಚಿದೆ. ನನ್ನ ಇನ್ನೊಂದು ಕೈಯ ಬೆರಳನ್ನು ಕಲೆಯ ಮೇಲೆ ಇಟ್ಟು, ಅಲ್ಲಿಂದ ಪಕ್ಕಕ್ಕೆ ನಿಧಾನವಾಗಿ ಎಳೆದರು. "ಕಲೆ ಎಲ್ಲಿ ಮುಗಿಯಿತು ಹೇಳಿ." ಹೇಳಲು ಆಗಲಿಲ್ಲ. ಬೆರಳಿಗೆ ಎಲ್ಲ ಒಂದೇ. ಉಬ್ಬಿಲ್ಲ, ಒರಟಿಲ್ಲ, ಅಂಚಿಲ್ಲ. "ಬೆರಳಿಗೆ ಸಿಗದಿದ್ದರೆ ಔಷಧ ನಿಲ್ಲಿಸಿ. ಕಣ್ಣನ್ನು ಕೇಳಬೇಡಿ" ಅಂದರು.

ಹನ್ನೊಂದು ವಾರ ನಾನು ಮಸಿಗೆ ನೀರು ಸುರಿದಿದ್ದೆ, ಬೆಂಕಿ ಎಂದೋ ಆರಿತ್ತು.

ಎಷ್ಟು ಹಚ್ಚಬೇಕು ಅನ್ನುವುದಕ್ಕೂ ಬೆರಳೇ ಅಳತೆ. ಮುಲಾಮಾದರೆ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಎರಡು ಹಸ್ತದಗಲ ಜಾಗಕ್ಕೆ ಸಾಕು. ಇದನ್ನು 1991ರಲ್ಲಿ ಅಳೆದು ಹೇಳಿದ್ದರಲ್ಲೂ ಮೇಲೆ ಹೇಳಿದ ಫಿನ್ಲೆ ಅವರ ಕೈ ಇದೆ. ನೊರೆಗೆ ಇಂಥ ಗೆರೆ ಇಲ್ಲ. ಉಬ್ಬಿಕೊಂಡು ಜಾಸ್ತಿ ಕಾಣುತ್ತದೆ, ಒಮ್ಮೊಮ್ಮೆ ಕಡಿಮೆ ಆಯಿತೇನೋ ಅನ್ನಿಸುತ್ತದೆ. ಎನ್‌ಸ್ಟಿಲಾರ್ ಆದರೆ ದಿನಕ್ಕೆ 15 ಗ್ರಾಂ ದಾಟಬಾರದು. ಕ್ಲೋಬೆಟಸಾಲ್ ಆದರೆ ವಾರಕ್ಕೆ 50 ಗ್ರಾಂ ಮೀರಬಾರದು, ಒಟ್ಟಿಗೆ ಎರಡು ವಾರಕ್ಕಿಂತ ಹೆಚ್ಚು ಹಚ್ಚಬಾರದು. ಮುಖಕ್ಕೆ, ಕಂಕುಳಿಗೆ, ತೊಡೆಸಂದಿಗೆ ಈ ಜೋರಿನ ಔಷಧಗಳು ಬೇಡವೇ ಬೇಡ. ಅಲ್ಲಿ ಚರ್ಮ ತೆಳು, ಹೀರಿಕೊಳ್ಳುವುದು ಜಾಸ್ತಿ.

ಸ್ಟೀರಾಯ್ಡ್ ಅಂದ ಕೂಡಲೇ ಹೆದರುವವರನ್ನೂ ನೋಡಿದ್ದೇನೆ. ಅವರಿಗೆ ನಾನು ಹೇಳುವುದು, ಇದು ಮಾಟವಲ್ಲ. ನಮ್ಮ ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ದಿನಾ ಮಾಡುವ ಹಾರ್ಮೋನಿನ ನೆಂಟ. ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಮೂವರಿಗೆ ಆ ಹಾರ್ಮೋನುಗಳ ಕೆಲಸಕ್ಕೆ 1950ರಲ್ಲಿ ನೊಬೆಲ್ ಬಂತು. ಎರಡೇ ವರ್ಷದಲ್ಲಿ, 1952ರಲ್ಲಿ, ಸುಲ್ಜ್‌ಬರ್ಗರ್ ಮತ್ತು ವಿಟನ್ ಅದರಲ್ಲೊಂದನ್ನು ಚರ್ಮದ ಮೇಲೇ ಹಚ್ಚಿ ಕೆಲಸ ಮಾಡುತ್ತದೆ ಅಂತ ತೋರಿಸಿದರು. ಚರ್ಮದ ಚಿಕಿತ್ಸೆ ಅಂದಿನಿಂದ ಬೇರೆಯೇ ಆಯಿತು. ಯಾವ ಸ್ಟೀರಾಯ್ಡ್ ಎಷ್ಟು ಜೋರು ಅಂತ ತಿಳಿಯಲು 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಒಂದು ಪರೀಕ್ಷೆ ಬರೆದಿಟ್ಟರು. ಮುಂಗೈಗೆ ಹಚ್ಚಿ, ಅಲ್ಲಿ ಚರ್ಮ ಎಷ್ಟು ಬಿಳಿಚಿಕೊಳ್ಳುತ್ತದೆ ಅಂತ ನೋಡುವುದು. ಬಿಳಿಚಿದಷ್ಟೂ ಜೋರು. ಇದನ್ನು ಓದಿದ ದಿನ ನನ್ನ ಕಂದು ಮುಂಗೈಯನ್ನೇ ಬಹಳ ಹೊತ್ತು ನೋಡಿಕೊಂಡೆ. ಇಂಥ ಕೈಮೇಲೆ ಆ ಬಿಳಿಚುವಿಕೆ ಸುಲಭಕ್ಕೆ ಕಾಣುವುದಿಲ್ಲ. ಇಲ್ಲೂ ಕಣ್ಣಿನದೇ ಲೆಕ್ಕ.

ಹೆದರದವರ ಬಗ್ಗೆ ನನಗೆ ಇನ್ನೂ ಹೆಚ್ಚು ಚಿಂತೆ. ಊರಿಗೆ ಹೋದಾಗಲೆಲ್ಲ ನೋಡುತ್ತೇನೆ. ಮೆಡಿಕಲ್ ಶಾಪಿನ ಮುಂದೆ ನಿಂತು "ತುರಿಕೆಗೆ ಒಂದು ಟ್ಯೂಬ್ ಕೊಡಪ್ಪ" ಅಂದರೆ ಸಾಕು. ಕ್ಲೋಬೆಟಸಾಲ್ ಜೊತೆ ಶಿಲೀಂಧ್ರದ ಔಷಧ, ಬ್ಯಾಕ್ಟೀರಿಯಾದ ಔಷಧ ಎಲ್ಲ ಬೆರೆಸಿದ ಟ್ಯೂಬ್ ಕೈಗೆ ಬರುತ್ತದೆ. ಅದನ್ನೇ ಹುಳುಕಡ್ಡಿಗೆ, ಅದನ್ನೇ ಮೊಡವೆಗೆ, ಅದನ್ನೇ ಬೆಳ್ಳಗಾಗಲು ಮುಖಕ್ಕೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14 ಬಗೆಯನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಚರ್ಮರೋಗ ತಜ್ಞರ ಸಂಘ ವರ್ಷಗಳಿಂದ ಇದಕ್ಕಾಗಿ ಕೂಗುತ್ತಿದೆ. ಆದರೂ ನನ್ನ ದೊಡ್ಡಪ್ಪನ ಮಗನ ಕೆನ್ನೆ ಕಳೆದ ಸಲ ನೋಡಿದಾಗ ಸುಟ್ಟ ಹಾಗೆ ಕೆಂಪಾಗಿತ್ತು. ಮೂರು ವರ್ಷ ಹಚ್ಚಿದ್ದನಂತೆ. ಬಿಟ್ಟರೆ ಉರಿ, ಹಚ್ಚಿದರೆ ತಂಪು. ಬಿಡುವುದು ಹೇಗೆ ಅಂತ ಯಾರೂ ಹೇಳಿರಲಿಲ್ಲ.

ಸೋರಿಯಾಸಿಸ್ ಇರುವವರಿಗೆ ಇನ್ನೊಂದು ಮಾತು, ದಯವಿಟ್ಟು ಇದನ್ನು ಮಾತ್ರ ಮರೆಯಬೇಡಿ. ಹಚ್ಚುವ ಸ್ಟೀರಾಯ್ಡ್ ಬೇರೆ, ನುಂಗುವ ಸ್ಟೀರಾಯ್ಡ್ ಬೇರೆ. ಬೇಗ ಗುಣವಾಗುತ್ತದೆ ಅಂತ ಯಾರೋ ಕೊಟ್ಟ ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡು, ಗುಣವಾಯಿತು ಅಂತ ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮೈತುಂಬ ಉಕ್ಕಿ ಬರಬಹುದು. ಕೀವಿನ ಗುಳ್ಳೆಗಳಾಗಿ, ಅಥವಾ ಇಡೀ ಚರ್ಮ ಕೆಂಪಾಗಿ ಸುಲಿದು. ಅದು ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಹಚ್ಚುವ ಜೋರು ಸ್ಟೀರಾಯ್ಡನ್ನೂ ಮೈತುಂಬ ಬಹಳ ಕಾಲ ಬಳಸಿದ್ದರೆ ತಾವಾಗಿಯೇ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿಯೇ ಇಳಿಸಬೇಕು.

ನನ್ನ ವಿಷಯದಲ್ಲಿ ಮೂರು ತಿಂಗಳು ಮೊಣಕೈಗೆ ಸ್ಟೀರಾಯ್ಡ್ ನಿಂತಿತು. ಬರೀ ತೇವ ಉಳಿಸುವ ಕ್ರೀಮು. ಹೊಳಪು ನಿಧಾನವಾಗಿ ಹೋಯಿತು. ಕಪ್ಪು ಕಲೆ ಅದರ ಪಾಡಿಗೆ ಅದು ಮಾಸಿತು. ಆಮೇಲೆ, ಡಿಸೆಂಬರ್‌ನಲ್ಲಿ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ದಿನಗಳಲ್ಲಿ, ಬೆರಳಿಗೆ ಮತ್ತೆ ಒರಟು ಸಿಕ್ಕಿತು. ಬಿಸಿಲು ಕಡಿಮೆಯಾದರೆ ನನ್ನ ಕಾಯಿಲೆ ಎದ್ದು ಕೂರುತ್ತದೆ. ಈ ಸಲ ನಾಲ್ಕು ವಾರ ದಿನಾ ಹಚ್ಚಿ, ತಿಳಿಯಾದ ಮೇಲೆ ವಾರಕ್ಕೆ ಎರಡೇ ದಿನ, ಬೆನ್ನುಬೆನ್ನಿಗೆ ಬಾರದ ಹಾಗೆ. ಎನ್‌ಸ್ಟಿಲಾರ್ ಅನ್ನು ಹೀಗೆ 52 ವಾರ ವಾರಕ್ಕೆರಡು ಸಲ ಹಚ್ಚಿದ ದೊಡ್ಡ ಅಧ್ಯಯನವೊಂದಿದೆ. ಔಷಧವಿಲ್ಲದ ಬರೀ ನೊರೆ ಹಚ್ಚಿದವರಲ್ಲಿ ಅರ್ಧದಷ್ಟು ಜನರಿಗೆ 30 ದಿನದೊಳಗೇ ಕಾಯಿಲೆ ಮತ್ತೆ ಕೆರಳಿತ್ತು, ಔಷಧದ ನೊರೆಯವರಲ್ಲಿ ಅದಕ್ಕೆ 56 ದಿನ ಹಿಡಿಯಿತು. ಕೇಳುವುದಕ್ಕೆ ಸಣ್ಣ ಲೆಕ್ಕ. ಇಪ್ಪತ್ತಾರು ದಿನ ಕಪ್ಪು ಅಂಗಿ ಹಾಕಿಕೊಳ್ಳಬಹುದು ಅಂತ ಓದಿಕೊಂಡರೆ ಸಣ್ಣದಲ್ಲ. ನಾನು ಆರಿಸಿಕೊಂಡದ್ದು ಮಂಗಳವಾರ, ಶುಕ್ರವಾರ. ಅಮ್ಮ ನಮಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುತ್ತಿದ್ದ ದಿನಗಳು. ಮರೆಯುವ ಹಾಗಿಲ್ಲ.

ಹೋದ ಏಪ್ರಿಲ್‌ನಲ್ಲಿ ಅಮ್ಮ ಇಲ್ಲಿಗೆ ಬಂದಿದ್ದರು. ಒಂದು ಕಣ್ಣಿಗೆ ಪೊರೆ ತೆಗೆಸಿತ್ತು, ಇನ್ನೊಂದಕ್ಕೆ ಬಾಕಿ ಇತ್ತು. ಅವರು ಬಂದ ಎರಡನೇ ವಾರ ನನ್ನ ತಲೆ ಕೆರಳಿತು. ಹಿಂದುಗಡೆ, ಕತ್ತಿನ ಮೇಲಕ್ಕೆ. ನನ್ನ ಕೈಗೆ ಸರಿಯಾಗಿ ಎಟುಕದ ಜಾಗ. ರಾತ್ರಿ ತಟ್ಟೆ ಹಿಡಿದು ಕನ್ನಡಿ ಮುಂದೆ ಒದ್ದಾಡುತ್ತಿದ್ದಾಗ ಅಮ್ಮ ದೇವರ ಮನೆಯಿಂದ ಬಂದರು.

"ತಾ ಇಲ್ಲಿ. ಕೂತ್ಕೋ ಕೆಳಗೆ."

"ಅಮ್ಮಾ, ದೀಪ ಶಾಂತ ಮಾಡಿ ಬಾ ಮೊದಲು. ಇದಕ್ಕೆ ಬೆಂಕಿ ಆಗಲ್ಲ." ಡಬ್ಬಿಯ ಮೇಲೆ ಬೆಂಕಿಯ ಚಿತ್ರ ಇದೆ. ಅನಿಲವೂ ಹೊತ್ತಿಕೊಳ್ಳುತ್ತದೆ, ಆಲ್ಕೋಹಾಲೂ ಹೊತ್ತಿಕೊಳ್ಳುತ್ತದೆ. ಊದುಬತ್ತಿ, ಒಲೆ, ದೀಪ ಯಾವುದೂ ಹತ್ತಿರ ಇರಬಾರದು.

ಅಮ್ಮ ಹೋಗಿ ಹೂವಿನಿಂದ ದೀಪ ಶಾಂತ ಮಾಡಿ ಬಂದರು. ಸೋಫಾ ಮೇಲೆ ಕೂತರು. ನಾನು ಅವರ ಮೊಣಕಾಲುಗಳ ನಡುವೆ ನೆಲದ ಮೇಲೆ ಕೂತೆ. ಸ್ಕೂಲಿಗೆ ಹೋಗುವಾಗ ಜಡೆ ಹಾಕಿಸಿಕೊಳ್ಳಲು ಕೂರುತ್ತಿದ್ದ ಹಾಗೆ. ತಟ್ಟೆಯ ಮೇಲೆ ನೊರೆ ಬಿಟ್ಟು ಕೊಟ್ಟೆ.

"ಇಷ್ಟೇನಾ?"

"ನಿಂಬೆಹಣ್ಣಿನಷ್ಟು. ಅದಕ್ಕಿಂತ ಜಾಸ್ತಿ ಬೇಡ. ಬೇಗ ಮಾಡಮ್ಮ, ಕರಗಿಬಿಡುತ್ತೆ."

"ನಂಗೆ ಈ ಬೆಳಕಲ್ಲಿ ಏನೂ ಕಾಣಲ್ಲ ಕಣೇ. ಕಾಣದಿದ್ರೇನು" ಅಂದರು. ಎರಡೂ ಕೈಯ ಬೆರಳುಗಳನ್ನು ಕೂದಲೊಳಗೆ ಇಳಿಸಿದರು. ಹೇನು ಹುಡುಕಿದ ಬೆರಳು, ಎಣ್ಣೆ ತಟ್ಟಿದ ಬೆರಳು. ನಿಧಾನವಾಗಿ ನೆತ್ತಿಯಿಂದ ಕೆಳಗೆ ಬಂದವು.

"ಇಲ್ಲಿಲ್ಲ" ಅಂದರು. "ಇಲ್ಲೂ ಇಲ್ಲ." ಕಿವಿಯ ಹಿಂದೆ ಒಂದು ಗಳಿಗೆ ನಿಂತರು. "ಇದು ಹಳೇದು, ವಾಸಿಯಾಗಿದೆ."

ಆಮೇಲೆ ಕತ್ತಿನ ಮೇಲೆ ಬೆರಳು ನಿಂತಿತು.

"ಹ್ಞಾ, ಇಲ್ಲಿದೆ" ಅಂದರು, ಇನ್ನೊಂದು ಕೈಯಿಂದ ತಟ್ಟೆಯತ್ತ ತಡಕಾಡುತ್ತಾ.